ಹಿಂದಿನ ಸಾಲಿಗೂ ಕೇಳಬೇಕು

ಬೆಳವಣಕಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ದೀಪಾವಳಿಯ ರಜೆಯಲ್ಲಿ, ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರನ್ನು ಕುರಿತು ಬರೆದ ನನ್ನ ಪ್ರಬಂಧವನ್ನು ಮನೆಯ ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಓದಿ ತೋರಿಸಿದೆ. ಅವನೆಂದ: "ಛಲೋ ಓದಿದಿ ತಮ್ಮಾ. ಖರೆ, ನನಗ ಒಂದೂ ತಿಳೀಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಹಾಳೆ ಬದಿಗಿಟ್ಟು ನಮ್ಮೂರ ಮಾತಿನಲ್ಲೇ ಹೇಳಿದೆ. ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತರು. ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಧ್ವನಿವರ್ಧಕ ವಿರಳವಾಗಿದ್ದ ಕಾಲವದು. ನಾಲ್ಕು ತಂತಿಯ ನಾದ ಸಭೆಯ ಹಿಂದಿನ ಸಾಲಿಗೆ ಮುಟ್ಟದೆಂದು ಮತ್ತೆ ಮೂರು ತಂತಿ ಕೂಡಿಸಿ, ಏಳು ತಂತಿಯ ಪಿಟೀಲು ನುಡಿಸಿದರು. 1957ರಲ್ಲಿ 'ಸಂಗೀತ ಕಲಾನಿಧಿ'ಯಾದರು, 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ನಿಂತಿದೆ.

"ಹಿಂದ ಕುಂತ ಮಂದಿ ಸಲುವಾಗಿ ಇಷ್ಟೆಲ್ಲಾ ಮಾಡಿದ್ರೇನಪಾ? ದೊಡ್ಡ ಮನಶ್ಯಾ!" ಎಂದ ಅಪ್ಪ.

ಹತ್ತು ಪುಟದಲ್ಲಿ ನಾನು ಹೇಳಲಾರದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿದ್ದ. ಮಿತ್ರರೆ, ನಾಳೆ ನಾವೆಲ್ಲ ಪದವೀಧರರಾಗುವೆವು. ನಮ್ಮ ಮಾತು ಮನೆಯ ಕಟ್ಟೆಯವರೆಗಾದರೂ ಮುಟ್ಟೀತೆ?