ಸರಪಳಿ ಉದ್ದವಾದಷ್ಟೂ

ಯಳಂದೂರಿನ ಗೌರೀಶ್ವರ ದೇವಸ್ಥಾನಕ್ಕೆ ಹೋದವರು ದೇವರಿಗೆ ಕೈಮುಗಿಯುವ ಮೊದಲೇ ಬಳೆಮಂಟಪದ ಬಳಿ ಕತ್ತೆತ್ತಿ ನಿಂತುಬಿಡುತ್ತಾರೆ. ಕಲ್ಲಿನಲ್ಲೇ ಕಡೆದ ಬಳೆಗಳು ಒಂದರೊಳಗೊಂದು ಸೇರಿ ಸರಪಳಿಯಾಗಿ ಇಳಿಬಿದ್ದಿವೆ. ಪಾಲಿಮರ್ ಎಂದರೇನು ಎಂದು ನಮ್ಮ ಕಡೆಯ ಮಕ್ಕಳು ಕೇಳಿದರೆ ಅದನ್ನೇ ತೋರಿಸಬೇಕು. ಸಣ್ಣ ಅಣುಗಳು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾವಿರಗಟ್ಟಲೆ ಸೇರಿದರೆ ಅದೇ ಪಾಲಿಮರ್.

ಎರಡನೆಯ ಪಾಠ ಕೊಳ್ಳೇಗಾಲದಲ್ಲಿ. ಹನೂರು ಕಡೆಯ ಹಿಪ್ಪುನೇರಳೆ ಸೊಪ್ಪು ತಿಂದ ರೇಷ್ಮೆಹುಳು ಚಂದ್ರಿಕೆ ಎಂಬ ತಟ್ಟೆ ಏರಿ ಗೂಡು ಕಟ್ಟುತ್ತದೆ. ಗೂಡು ಬಿಚ್ಚಿ, ಹುರಿ ಹಾಕಿ, ಮಗ್ಗಕ್ಕೇರಿಸಿದರೆ ಸೀರೆ. ಆ ಎಳೆಯ ತಿರುಳು ಫೈಬ್ರೊಯಿನ್ ಎಂಬ ಪ್ರೋಟೀನು, ಅದರ ಮೇಲೆ ಸೆರಿಸಿನ್ ಎಂಬ ಗೋಂದು. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಗೋಂದೇ. ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ಹೊಳಪು. ಫೈಬ್ರೊಯಿನ್ನಿನಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಅಣುಗಳು ಮತ್ತೆ ಮತ್ತೆ ಅದೇ ಸರದಿಯಲ್ಲಿ ಬರುತ್ತವೆ. ಅಷ್ಟು ತೆಳ್ಳನೆಯ ಎಳೆಗೆ ಅಷ್ಟು ಬಲ ಬಂದಿರುವುದು ಈ ಜೋಡಣೆಯಿಂದ.

ಅಣುಗಳು ಇಷ್ಟುದ್ದ ಇರಬಲ್ಲವು ಎಂಬುದನ್ನು ವಿದ್ವಾಂಸರು ಸುಲಭಕ್ಕೆ ಒಪ್ಪಲಿಲ್ಲ. ರಸಾಯನವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಅದನ್ನು ಬರೆದರು. ವರ್ಷಗಟ್ಟಲೆ ವಿರೋಧ ಎದುರಿಸಿದರು. ನೊಬೆಲ್ ಬಂದದ್ದು 1953ರಲ್ಲಿ. ಒಂದು ಪ್ರಬಂಧದ ಬೆಲೆ ತಿಳಿಯಲು ಕೆಲವೊಮ್ಮೆ ಒಂದು ತಲೆಮಾರೇ ಬೇಕು.

ಈಗ ಒಬ್ಬ ಸಂಶೋಧಕರ ಪ್ರಬಂಧಗಳ ಪ್ರಭಾವವನ್ನು ಅಳೆಯಲು ಎಚ್-ಸೂಚ್ಯಂಕವಿದೆ. ಭೌತವಿಜ್ಞಾನಿ ಹಾರ್ಹೆ ಹರ್ಶ್ 2005ರಲ್ಲಿ ಹೇಳಿದ ಲೆಕ್ಕ: ಒಬ್ಬರ 50 ಪ್ರಬಂಧಗಳನ್ನು ಇತರರು ತಲಾ 50 ಸಲವಾದರೂ ಉಲ್ಲೇಖಿಸಿದ್ದರೆ ಸೂಚ್ಯಂಕ 50. ಈ ಲೆಕ್ಕದಲ್ಲಿ ನಮ್ಮ ನಾಡಿನ ದೊಡ್ಡ ಹೆಸರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದುಡಿದ ತೇಜರಾಜ ಅಮಿನಭಾವಿ ಅವರದು. ದ್ರವಗಳನ್ನು ಬೇರ್ಪಡಿಸುವ ಪಾಲಿಮರ್ ಪೊರೆಗಳು, ಔಷಧವನ್ನು ದೇಹದೊಳಗೆ ನಿಧಾನವಾಗಿ ಬಿಡುವ ಪಾಲಿಮರ್ ಕಣಗಳು ಅವರ ಕ್ಷೇತ್ರ. ಜೈವಿಕವಾಗಿ ಕರಗುವ ನ್ಯಾನೊಕಣಗಳ ಬಗ್ಗೆ 2001ರಲ್ಲಿ, ಸಿಗಡಿ-ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಬಗ್ಗೆ 2004ರಲ್ಲಿ ಬಂದ ಅವರ ಸಮೀಕ್ಷಾ ಪ್ರಬಂಧಗಳನ್ನು ಲೋಕದ ಸಂಶೋಧಕರು ಸಾವಿರಾರು ಸಲ ಉಲ್ಲೇಖಿಸಿದ್ದಾರೆ.

ಆದರೆ ಆ ಎರಡರಲ್ಲೂ ಮೊದಲ ಹೆಸರು ಅವರದಲ್ಲ. ಒಂದರಲ್ಲಿ ಅವರ ಶಿಷ್ಯ ಕುಮಾರೇಶ ಸೊಪ್ಪಿಮಠ, ಇನ್ನೊಂದರಲ್ಲಿ ಮತ್ತೊಬ್ಬ ಶಿಷ್ಯ ಸುನೀಲ ಅಗ್ನಿಹೋತ್ರಿ. ನನಗೆ ಉಲ್ಲೇಖಗಳ ಸಂಖ್ಯೆಗಿಂತ ಹೆಚ್ಚು ಸಂತೋಷ ಕೊಡುವುದು ಇದು. ಒಂಟಿ ಅಣುವಿಗೆ ಇಲ್ಲದ ಬಲ ಸರಪಳಿಗೆ ಬರುವಂತೆ, ವಿದ್ಯೆಯೂ ಇನ್ನೊಂದು ಕೈಗೆ ಕೊಂಡಿಯಾದಾಗಲೇ ಗಟ್ಟಿಯಾಗುತ್ತದೆ. ಉಲ್ಲೇಖವೆಂದರೂ ಅಂಥದೇ ಕೊಂಡಿ. ಅದನ್ನು ಹಗುರಾಗಿ ಕಾಣಬಾರದು. ಆದರೆ ಗುರು ಬೆಳೆಸಿದ ಶಿಷ್ಯ, ಆ ಶಿಷ್ಯ ಬೆಳೆಸುವ ಶಿಷ್ಯ ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ.

ನಮ್ಮ ರೇಷ್ಮೆಯ ಮೇಲೂ ಇಂಥ ಕೆಲಸ ನಡೆದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನಿ ಆರ್. ಸೋಮಶೇಖರ್ ಮತ್ತು ಜೊತೆಗಾರರು ರೇಷ್ಮೆ ಎಳೆಗೆ ಎಕ್ಸ್-ಕಿರಣ ಹಾಯಿಸಿ ಅದರೊಳಗಿನ ಸ್ಫಟಿಕಗಳ ಗಾತ್ರವನ್ನೂ ಕ್ರಮವನ್ನೂ ಅಳೆದು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಈ ಪ್ರಬಂಧಗಳು ಕೊಳ್ಳೇಗಾಲದ ಕಾಲೇಜುಗಳ ರಸಾಯನ ಪಾಠಕ್ಕೆ ಬರಲಿ. ಅಪ್ಪ ಗೂಡು ಬಿಚ್ಚುವ, ಅಮ್ಮ ಹುರಿ ಹಾಕುವ ಮನೆಯ ಹುಡುಗಿಗೆ ತಾನು ದಿನವೂ ಮುಟ್ಟುವ ಎಳೆಯೇ ಸಂಶೋಧನೆಯ ವಸ್ತು ಎಂದು ಗೊತ್ತಾಗಲಿ. ಮುಂದಿನ ಕೊಂಡಿ ಹಾಕುವ ಹಕ್ಕು ಅವಳಿಗಿದೆ. ಅವಳನ್ನು ಅಲ್ಲಿಯವರೆಗೆ ಓದಿಸುವ ಹೊಣೆ ನಮ್ಮದು.