ಒಬ್ಬನ ಜಾಗಕ್ಕೆ ನಾಲ್ವರು

2021ರ ಜುಲೈ. ಅಟ್ಲಾಂಟಾದ ನಮ್ಮ ಮನೆಯಲ್ಲಿ ನಾನು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ಕೂತಿದ್ದೆ. ಅದೇ ವಾರ ಇಲ್ಲಿನ ಬೇಸ್‌ಬಾಲ್ ತಂಡ ಬ್ರೇವ್ಸ್‌ನ ತಾರೆ, ನನ್ನ ಮಗನ ಅಚ್ಚುಮೆಚ್ಚಿನ ರೊನಾಲ್ಡ್ ಅಕುನ್ಯಾ, ಮಯಾಮಿಯಲ್ಲಿ ಚೆಂಡು ಹಿಡಿಯಲು ಗೋಡೆಯ ಬಳಿ ಹಾರಿದ. ಇಳಿಯುವಾಗ ಬಲ ಮಂಡಿಯ ಲಿಗಮೆಂಟ್ ಹರಿಯಿತು. ಆ ವರ್ಷದ ಆಟ ಅವನಿಗೆ ಅಲ್ಲಿಗೇ ಮುಗಿಯಿತು.

“ಇನ್ನು ನಮ್ಮ ಟೀಮಿನ ಕಥೆ ಮುಗೀತಮ್ಮ” ಎಂದು ಮಗ ಮುಖ ಊದಿಸಿಕೊಂಡ. ಒಂದು ಋತುವಿಗೆ 162 ಪಂದ್ಯ. ಹೆಚ್ಚುಕಡಿಮೆ ದಿನವೂ ಆಟ. ಗಾಯ ವಾಸಿಯಾಗಲೆಂದು ಯಾರೂ ಕಾಯುವುದಿಲ್ಲ. ತಿಂಗಳು ಮುಗಿಯುವುದರೊಳಗೆ ಬೇರೆ ತಂಡಗಳಿಂದ ಪೀಡರ್ಸನ್, ಡುವಾಲ್, ಸೊಲೇರ್, ರೊಸಾರಿಯೊ ಬಂದರು.

ನಮ್ಮನೆಯಲ್ಲೂ ಹಾಗೇ ಆಯಿತು. ಇವರು ಸಾರು ಮಾಡಲು ಕಲಿತರು, ಮಗ ಪಾತ್ರೆ ತೊಳೆದ, ಪಕ್ಕದ ಮನೆಯಾಕೆ ಚಪಾತಿ ತಂದುಕೊಟ್ಟಳು. ಖುಷಿಪಡಬೇಕಿತ್ತು. ಆದರೆ ಕಾಲು ಚಾಚಿ ಕೂತವಳಿಗೆ ಒಳಗೊಳಗೇ ಚುಚ್ಚುತ್ತಿತ್ತು: ನಾನಿಲ್ಲದಿದ್ದರೂ ಎಲ್ಲ ನಡೆಯುತ್ತದಲ್ಲ!

ನವೆಂಬರ್ 2ರಂದು ಬ್ರೇವ್ಸ್, ಹ್ಯೂಸ್ಟನ್ ತಂಡವನ್ನು ಸೋಲಿಸಿ 1995ರ ನಂತರ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರ ಸೊಲೇರ್! ಕುಣಿದು ಸುಸ್ತಾಗಿದ್ದ ಮಗನನ್ನು ಕೇಳಿದೆ: “ಅಕುನ್ಯಾ ಇಲ್ಲದೆಯೂ ಗೆದ್ದರಲ್ಲೋ, ಇನ್ನು ಅವನ್ಯಾಕೆ ಬೇಕು?”

“ಅವನೊಬ್ಬನ ಜಾಗಕ್ಕೆ ನಾಲ್ಕು ಜನ ಬೇಕಾಯ್ತಲ್ಲಮ್ಮ!”

ಇನ್ನೂ ಕೊಂಚ ಕುಂಟುತ್ತಲೇ ಅಡುಗೆಮನೆಗೆ ಹೋಗಿ, ಅವನಿಗೆ ಹಾಲು ಕಾಯಿಸಿದೆ.