ಬೋಲ್ಟ್ ಹಾಕಿದ ಉಕ್ಕಿನೊಳಗೆ

ನಾನು ಹುಡುಗನಾಗಿದ್ದಾಗ ಜಾಲಹಳ್ಳಿಯ ಹಿರಿಯರು ಇಟಲಿಯ ಯುದ್ಧಕೈದಿಗಳ ಸುದ್ದಿ ತೆಗೆದರೆ ಮಾತು ನಗೆಯಲ್ಲೇ ಮುಗಿಯುತ್ತಿತ್ತು. ‘ಕೈಯೆತ್ತಿಕೊಂಡು ಬಂದವರು’ ಎನ್ನುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕವರನ್ನು ಬ್ರಿಟಿಷರು ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದ್ದರು. ಬೆಂಗಳೂರಿನ ಆಸುಪಾಸಿನಲ್ಲೂ ಶಿಬಿರಗಳಿದ್ದವು. ಆ ನಗೆಯನ್ನು ಈಗ ನೆನೆದರೆ ಸಿಟ್ಟು ಬರುತ್ತದೆ.

ಇಪ್ಪತ್ತು ದಾಟಿದ್ದ ಇಟಲಿಯ ಸೆಕೆಂಡ್ ಲೆಫ್ಟಿನೆಂಟನ ಕೈಗೆ ಆ ಯುದ್ಧದಲ್ಲಿ ಕೊಡುತ್ತಿದ್ದದ್ದು ಎಂ 13/40 ಟ್ಯಾಂಕು. ಸುಮಾರು 14 ಟನ್ ತೂಕ, 47 ಮಿ.ಮೀ. ತೋಪು, ಒಳಗೆ ನಾಲ್ಕು ಜನ. ಉಕ್ಕಿನ ಹಲಗೆಗಳಿಗೆ ಬೆಸುಗೆಯಿರಲಿಲ್ಲ, ಬೋಲ್ಟ್ ಹಾಕಿ ಕೂಡಿಸಿದ್ದರು. ಗುಂಡು ಒಳಗೆ ತೂರದಿದ್ದರೂ ಬೋಲ್ಟು ಕಿತ್ತು ಒಳಗಿದ್ದವರಿಗೆ ಬಡಿಯಬಹುದಿತ್ತು. ತಿರುಗುಗೋಪುರದಲ್ಲಿ ಇಬ್ಬರಿಗಷ್ಟೇ ಜಾಗ. ಹಾಗಾಗಿ ಅಧಿಕಾರಿಯೇ ಗುರಿ ಹಿಡಿಯಬೇಕು, ಅವನೇ ಗುಂಡು ಹಾರಿಸಬೇಕು, ನಡುವೆ ತನ್ನ ತುಕಡಿಯ ಮಿಕ್ಕ ಟ್ಯಾಂಕುಗಳು ಎತ್ತ ಹೋದವೆಂದೂ ನೋಡಬೇಕು. ಮೊದಮೊದಲು ಬಹುಪಾಲು ಟ್ಯಾಂಕುಗಳಲ್ಲಿ ರೇಡಿಯೊ ಕೂಡ ಇರಲಿಲ್ಲ. ಗುಂಡಿನ ಮಳೆಯಲ್ಲಿ ಮುಚ್ಚಳ ತೆರೆದು, ತಲೆ ಹೊರಗೆ ಹಾಕಿ, ಬಾವುಟ ಬೀಸಿ ಆಜ್ಞೆ ಕೊಡಬೇಕು. ಹೇಡಿಯಿಂದ ಆಗುವ ಕೆಲಸವೇ ಇದು?

1941ರ ಫೆಬ್ರುವರಿಯಲ್ಲಿ ಲಿಬಿಯಾದ ಬೇಡಾ ಫೊಮ್‌ನಲ್ಲಿ ಇಂಥ ಟ್ಯಾಂಕುಗಳು ದಾರಿ ಬಿಡಿಸಿಕೊಳ್ಳಲು ನುಗ್ಗಿ ನುಗ್ಗಿ ಸುಟ್ಟುಹೋದವು. ಅದೇ ವರ್ಷ ನವೆಂಬರ್ 19ರಂದು ಬೀರ್ ಎಲ್ ಗೂಬಿಯಲ್ಲಿ ಇಟಲಿಯ ಆರಿಯೇಟೆ ಟ್ಯಾಂಕ್ ಡಿವಿಷನ್ ಬ್ರಿಟಿಷರ 22ನೇ ಆರ್ಮರ್ಡ್ ಬ್ರಿಗೇಡನ್ನು ತಡೆದು ನಿಲ್ಲಿಸಿತು. ನಮ್ಮೂರಿನ ಹರಟೆಯಲ್ಲಿ ಈ ದಿನದ ಹೆಸರೇ ಬರಲಿಲ್ಲ. 1942ರ ನವೆಂಬರ್ 4ರಂದು ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ ಅದೇ ಡಿವಿಷನ್ ಸುತ್ತುವರಿಯಲ್ಪಟ್ಟಿತು. ಎದುರಿಗಿದ್ದ ಶರ್ಮನ್ ಟ್ಯಾಂಕುಗಳ ತೋಪು 75 ಮಿ.ಮೀ.ನದು. ಮುಂಭಾಗಕ್ಕೆ ಮರಳುಚೀಲ ಕಟ್ಟಿಕೊಂಡರೆ ಏನು ತಡೆದೀತು? ಸಂಜೆಯ ಹೊತ್ತಿಗೆ ಆರಿಯೇಟೆ ಮುಗಿದಿತ್ತು. ಈ ಸಾವುಗಳ ಹೊಣೆ ರೋಮ್‌ನಲ್ಲಿ ಕೂತು, ಸಿದ್ಧತೆಯಿಲ್ಲದೆ ಯುದ್ಧ ಸಾರಿದ ಮುಸೊಲಿನಿಯದು.

ಈಗ ಎಲ್ ಅಲಮೈನ್‌ನಲ್ಲಿ ಸಮುದ್ರದ ಕಡೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಒಳನಾಡಿನ ಮರಳಲ್ಲಿ ಅಂದು ಹೂತ ನೆಲಬಾಂಬುಗಳು ಇನ್ನೂ ಉಳಿದಿವೆ. ಅವುಗಳಿಂದ ಕೈಕಾಲು ಕಳೆದುಕೊಂಡವರಲ್ಲಿ ಅನೇಕರು ಆ ಯುದ್ಧಕ್ಕೆ ಸಂಬಂಧವೇ ಇಲ್ಲದ ಬೆದೂಯಿನ್ ಕುರಿಗಾಹಿಗಳು. ಇಟಲಿಯವರ ಬಿಳಿ ಸ್ಮಾರಕವನ್ನು ರೂಪಿಸಿದ ಪಾವೊಲೊ ಕಾಚಾ ದೊಮಿನಿಯೋನಿ ಅಲ್ಲೇ ಹೋರಾಡಿದ್ದ ಎಂಜಿನಿಯರ್ ಅಧಿಕಾರಿ. ಯುದ್ಧ ಮುಗಿದ ಮೇಲೆ ಮರಳಿಗೆ ಮರಳಿ, ವರ್ಷಗಟ್ಟಲೆ ಹೆಣಗಳನ್ನು ಹುಡುಕಿ ಒಟ್ಟುಮಾಡಿದರು. ಅಲ್ಲಿ ಮಲಗಿರುವ ಎಷ್ಟೋ ಜನರಿಗೆ ಇವತ್ತಿಗೂ ಹೆಸರಿಲ್ಲ.

ಬದುಕುಳಿದು ಭಾರತದಲ್ಲಿ ಸೆರೆಯಿದ್ದ ಅಧಿಕಾರಿಗಳಲ್ಲಿ ಬಹಳಷ್ಟು ಜನರನ್ನು ಕೊನೆಗೆ ಕಾಂಗ್ಡಾ ಕಣಿವೆಯ ಯೋಲ್‌ನಲ್ಲಿ ಇಟ್ಟಿದ್ದರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಅವರಲ್ಲಿ ಅನೇಕರು ಮನೆ ಕಂಡದ್ದು 1946ರಲ್ಲಿ.